ಐದು ಮನೆಯ ಕೊಳಲು

ಕೋಲಾರಕ್ಕೆ ಹೋಗುವ ಬಸ್ಸು ಮಾಲೂರು ದಾಟಿ ಇಟ್ಟಿಗೆ ಗೂಡುಗಳ ಹತ್ತಿರ ಬಂದಾಗ ಆಶಾರಾಣಿ ಪಕ್ಕದಲ್ಲಿದ್ದ ಹುಡುಗಿಯನ್ನು ನೋಡಿದಳು. ಕಿಟಕಿಯ ಕಡೆ ಕೂತಿದ್ದ ಲಿಖಿತಾ ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಅವಳ ಹಣೆ ಮುಂದಿನ ಸೀಟಿನ ಕಂಬಿಯ ಹತ್ತಿರಕ್ಕೆ ಹೋಗಿ ಬರುತ್ತಿತ್ತು. “ಕಂಬಿ ಹಿಡ್ಕೋ, ಬಿದ್ದುಬಿಡ್ತೀಯ” ಎಂದಳು ಆಶಾರಾಣಿ. ಹುಡುಗಿ ತಡಮಾಡದೆ ಹಿಡಿದಳು. ಹಿಡಿದ ಮೇಲೆ, ಯಾಕಾದರೂ ಹೇಳಿದೆನೋ ಅನ್ನಿಸಿತು. ಇನ್ನು ಕೋಲಾರದವರೆಗೂ ಆ ಬಲಗೈ ಕಣ್ಣೆದುರಿಗೇ ಇರುತ್ತದೆ. ಉಂಗುರದ ಬೆರಳು ತುದಿಯ ಗೆಣ್ಣಿನವರೆಗೆ ಬಂದು ಅಲ್ಲೇ ಮುಗಿದುಹೋಗಿತ್ತು. ಉಗುರಿಲ್ಲ. ಹೊಲಿಗೆ ಬಿಚ್ಚಿದ ಜಾಗದ ಚರ್ಮ ಇನ್ನೂ ಹೊಸದು, ನುಣುಪು, ಆ ಕೈಗೆ ಸೇರಿದ್ದೇ ಅಲ್ಲವೆನ್ನುವಂಥ ಗುಲಾಬಿ ಬಣ್ಣ. ಆಶಾರಾಣಿ ಕಿಟಕಿಯ ಆಚೆಗೆ ನೋಡಿದಳು. ನೀಲಗಿರಿ ತೋಪುಗಳು, ಟೊಮೊಟೊ ಕ್ರೇಟುಗಳನ್ನು ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಗಾಡಿಗಳು, ಬೆಳಗಿನ ಬಿಸಿಲು. ಯಾವುದನ್ನು ನೋಡಿದರೂ ಕಣ್ಣಿನ ಅಂಚಿನಲ್ಲಿ ಆ ಕಂಬಿ ಇದ್ದೇ ಇತ್ತು.

ಹೊರಡುವಾಗ ಅತ್ತೆ ಅಂಜಮ್ಮ ಬಾಗಿಲವರೆಗೂ ಬಂದು ಪಕ್ಕದ ಮನೆಯ ಸುನಂದಳಿಗೆ ಕೇಳಿಸುವಂತೆ ಹೇಳಿದ್ದರು: “ನೋಡೇ ಸುನಂದ, ಮಗೂಗೆ ಕೊಳಲು ಬೇಕಂತೆ, ಇವಳೇ ಕರ್ಕೊಂಡು ಹೋಗ್ತಾವ್ಳೆ. ತಲ್ಲಿ ಕಂಟೇ ಎಕ್ಕುವ, ತಾಯಿಗಿಂತ ಹೆಚ್ಚು. ಹೆತ್ತೋಳಾದ್ರೂ ಇಷ್ಟು ನೋಡ್ಕೊಳ್ತಿದ್ಳೋ ಇಲ್ವೋ.” ಸುನಂದ ತಲೆಯಾಡಿಸಿ, “ಆ ಏಟು ಬಿದ್ದಿದ್ದೇ ನೆಪ, ತಾಯಿ ಮಗಳು ಒಂದಾಗೋದ್ರು” ಎಂದಿದ್ದಳು. ಈ ಮಾತು ಬೀದಿಯಲ್ಲಿ ಈಗ ಹಳೆಯದಾಗಿತ್ತು. ಮದುವೆಯಾಗಿ ಬಂದಾಗಿನಿಂದ ತನ್ನನ್ನು ‘ಚಿಕ್ಕಮ್ಮ’ ಎಂಬುದು ಬಿಟ್ಟರೆ ಬೇರೇನೂ ಕರೆಯದಿದ್ದ ಹುಡುಗಿ, ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯಿಂದ ಬಂದ ದಿನ, ಮಂಚದ ಮೇಲೆ ಕೂತು ಗಂಜಿ ಕುಡಿಯುತ್ತಾ, “ಸಾಕು ಅಮ್ಮ” ಎಂದಿತ್ತು. ಗಂಡ ಕದಿರೇಶ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡಿದ್ದ. ಅಂಜಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಎಲ್ಲರೂ ಅಷ್ಟು ಸಂತೋಷಪಡುತ್ತಿದ್ದಾಗ ಗಂಜಿಯ ಲೋಟ ಹಿಡಿದುಕೊಂಡಿದ್ದ ಆಶಾರಾಣಿಗೆ ಮಾತ್ರ ಮೈ ತಣ್ಣಗಾಗಿತ್ತು. ಸತ್ತುಹೋದ ತಾಯಿಯ ಮಾತು ಬಂದಾಗಲೆಲ್ಲ ಲಿಖಿತಾ, “ನಮ್ಮಮ್ಮ ಬಂದ್ಳು, ನಮ್ಮಮ್ಮ ಕೊಟ್ಳು” ಎಂದು ಏಕವಚನದಲ್ಲೇ ಹೇಳುತ್ತಿದ್ದಳು. ಆಶಾರಾಣಿಗೆ ಅಮ್ಮ ಎಂದರೂ ‘ನೀವು’ ಎನ್ನುತ್ತಿದ್ದಳು. ಅದನ್ನು ಮನೆಯಲ್ಲಿ ಬೇರೆ ಯಾರೂ ಗಮನಿಸಿದಂತಿರಲಿಲ್ಲ.

ಕೊಳಲು ಬೇಕೆಂದದ್ದು ಲಿಖಿತಾಳೇ. ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಸಂಗೀತ ಕಲಿಸಲು ಶ್ರೀಧರ್ ಮೇಷ್ಟರೆಂಬವರು ಬರತೊಡಗಿದ್ದರು. ಹಾಡು, ತಬಲ, ಕೊಳಲು, ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದಿತ್ತು. ಹಾಡಬಹುದಿತ್ತಲ್ಲ ಇವಳು. ಹಾಡುವವರ ಕೈಯನ್ನು ಯಾರು ನೋಡುತ್ತಾರೆ? ಇರುವ ವಾದ್ಯಗಳಲ್ಲೆಲ್ಲ ನೋಡುವವರ ಕಣ್ಣು ನೇರ ಬೆರಳುಗಳ ಮೇಲೇ ಬೀಳುವಂಥದ್ದನ್ನೇ ಯಾಕೆ ಆರಿಸಿದಳು? ಈ ಪ್ರಶ್ನೆ ಒಂದು ವಾರದಿಂದ ಆಶಾರಾಣಿಯ ತಲೆಯಲ್ಲಿ ಸುತ್ತುತ್ತಿತ್ತು. ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ದೀಪದ ಬೆಳಕಿನಲ್ಲಿ ಲಿಖಿತಾ ಕೊಳಲು ಎತ್ತಿ ತುಟಿಗಿಟ್ಟುಕೊಂಡಂತೆ, ಆ ಬೆರಳನ್ನು ಊರಿಗೆಲ್ಲ ತೋರಿಸುತ್ತಾ ನಿಂತಂತೆ ಕಾಣುತ್ತಿತ್ತು. ಎಂಟು ವರ್ಷದ ಮಗುವಿನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆಯಾದ ಮೇಲೂ ಯೋಚನೆ ನಿಲ್ಲುತ್ತಿರಲಿಲ್ಲ. ಕದಿರೇಶನಿಗೆ ಕಂಪನಿಯಲ್ಲಿ ಶಿಫ್ಟು. “ನೀನೇ ಹೋಗಿ ತಂದುಕೊಡು, ನಿನ್ನ ಜೊತೆ ಹೋಗೋದು ಅಂದ್ರೆ ಅವಳಿಗೂ ಖುಷಿ” ಎಂದಿದ್ದ. ಹುಡುಗಿಯ ಮುಖದಲ್ಲಿ ಖುಷಿಯಿದೆಯೇ ಎಂದು ಆಶಾರಾಣಿ ಆಗಲೇ ನೋಡಿದ್ದಳು. ಇತ್ತು. ದೊಡ್ಡವರು ಹೇಳಿದ ಕೂಡಲೇ ತಂದಿಟ್ಟುಕೊಂಡಂಥ ಖುಷಿ.

ವಾದ್ಯಗಳ ಅಂಗಡಿ ಕ್ಲಾಕ್ ಟವರಿನಿಂದ ಒಳಕ್ಕೆ ಹೋಗುವ ಬೀದಿಯಲ್ಲಿತ್ತು. ಮೇಲೆ ಸಾಲಾಗಿ ತೂಗುಹಾಕಿದ ಡೋಲಕ್ಕುಗಳು, ಗಾಜಿನ ಹಿಂದೆ ಹಾರ್ಮೋನಿಯಂ, ಮೂಲೆಯಲ್ಲಿ ಮದುವೆ ಬ್ಯಾಂಡಿನವರು ರಿಪೇರಿಗೆ ಬಿಟ್ಟುಹೋದ ನೆಗ್ಗಿದ ಹಿತ್ತಾಳೆ ಕಹಳೆಗಳು. ಅಂಗಡಿಯ ಯಜಮಾನ ಜಾನ್ ಪಾಷಾ ಸ್ಟೂಲಿನ ಮೇಲೆ ಕೂತು ಡೋಲಕ್ಕಿನ ಹಗ್ಗ ಬಿಗಿಯುತ್ತಿದ್ದರು. ಗಲ್ಲಾದಲ್ಲಿ ಅವರ ಮಗಳು ನಿಖತ್, ಆಶಾರಾಣಿಯದೇ ವಯಸ್ಸಿನ ಹೆಂಗಸು, ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ ಬೆಲೆ ಹೇಳುತ್ತಿದ್ದಳು. ಕಲಿಯುವ ಮಕ್ಕಳಿಗೆ ಕೊಳಲು ಬೇಕೆಂದಾಗ ಜಾನ್ ಪಾಷಾ, “ಮೇಷ್ಟ್ರು ಎಷ್ಟು ಮನೆ ಹೇಳವ್ರೆ ಮೇಡಂ?” ಎಂದು ಕೇಳಿದರು. ಶ್ರುತಿಯ ಎತ್ತರಕ್ಕೆ ಮನೆಯ ಲೆಕ್ಕವೆಂದು ಆಶಾರಾಣಿಗೆ ಗೊತ್ತಿರಲಿಲ್ಲ. “ಐದು ಮನೆ ಶ್ರುತಿ ಅಂದಿದ್ದಾರೆ” ಎಂದು ಲಿಖಿತಾ ಹೇಳಿದಳು. ಜಾನ್ ಪಾಷಾ ನಕ್ಕು, “ಶಾಭಾಷ್ ಬೇಟಾ” ಎನ್ನುತ್ತಾ ಬಕೆಟ್ಟಿನಲ್ಲಿ ನಿಲ್ಲಿಸಿದ್ದ ಕೊಳಲುಗಳಲ್ಲಿ ನಾಲ್ಕಾರನ್ನು ಹಿರಿದರು. ಒಂದೊಂದನ್ನೂ ಕಣ್ಣಿಗೆ ಹಿಡಿದು ಒಳಗೆ ಬಿರುಕಿದೆಯೇ ಎಂದು ನೋಡಿದರು, ಒಮ್ಮೆ ಊದಿದರು, ಬಟ್ಟೆಯಿಂದ ಒರೆಸಿ ಒಂದನ್ನು ಆರಿಸಿ ಮುಂದೆ ಇಟ್ಟರು. ಎಣ್ಣೆ ಹಚ್ಚಿದ ಬಿದಿರಿನ ವಾಸನೆ ಬಂತು. “ಹಿಡ್ಕೋ ನೋಡೋಣ.”

ಲಿಖಿತಾ ಹಿಡಿದಳು. ಮೇಷ್ಟರು ತೋರಿಸಿಕೊಟ್ಟಿದ್ದರೋ ಏನೋ, ತಲೆ ಒಂದಿಷ್ಟು ವಾಲಿಸಿ, ಕೆಳತುಟಿಯನ್ನು ಊದುವ ತೂತಿನ ಅಂಚಿಗೆ ಸರಿಯಾಗಿಯೇ ತಂದಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಇದ್ದಕ್ಕಿದ್ದಂತೆ ಒಂದು ದನಿ, ತೆಳ್ಳಗೆ, ಆದರೆ ಗಟ್ಟಿಯಾಗಿ ನಿಂತಿತು. “ಅರೆ, ಬಂತಲ್ಲ! ಈಗ ಒಂದೊಂದೇ ಬೆರಳು ಇಳಿಸ್ತಾ ಹೋಗು” ಎಂದರು ಜಾನ್ ಪಾಷಾ. ಎಡಗೈ ಬೆರಳುಗಳು ಒಂದರ ಹಿಂದೆ ಒಂದು ಕೂತವು, ದನಿ ಮೆಟ್ಟಿಲಿಳಿದ ಹಾಗೆ ಕೆಳಗಿಳಿಯಿತು. ಬಲಗೈಯ ತೋರುಬೆರಳು. ನಡುಬೆರಳು. ಉಂಗುರದ ಬೆರಳು ಇಳಿಯಿತು, ದನಿ ಒಡೆದು ಬುಸ್ಸೆಂದಿತು. ಲಿಖಿತಾ ಬೆರಳನ್ನು ಎತ್ತಿ ಮತ್ತೆ ಒತ್ತಿದಳು. ಮೊಂಡು ತುದಿ ತೂತಿನ ಒಂದು ಬದಿಗೆ ಕೂರುತ್ತಿತ್ತು, ಇನ್ನೊಂದು ಬದಿಯಲ್ಲಿ ಸಂದಿ ಉಳಿಯುತ್ತಿತ್ತು. ಇನ್ನೂ ಒತ್ತಿದಳು. ಹೊಸ ಚರ್ಮ ಬೆಳ್ಳಗಾಯಿತು. ಬುಸ್ಸೆನ್ನುವ ಶಬ್ದವೊಂದೇ.

ಆಗ ಜಾನ್ ಪಾಷಾ ಬೆರಳನ್ನು ನೋಡಿದರು. ನಿಖತ್ ಕೂಡ ಫೋನು ಕೆಳಗಿಟ್ಟು ನೋಡಿದಳು. “ಏನಾಯ್ತು ಬೇಟಾ ಕೈಗೆ?” ಎಂದರು ಅವರು.

“ನಾನೇ ಬಾಗಿಲ ಸಂದೀಲಿ ಕೈ ಇಟ್ಟಿದ್ದೆ. ಅಮ್ಮ ನೋಡಿಲ್ಲ. ಬಾಗಿಲು ಹಾಕಿಬಿಟ್ರು. ಈಗ ನೋವಿಲ್ಲ.”

ಇದೇ ನಾಲ್ಕು ಮಾತು, ಇದೇ ಕ್ರಮ. ಹೊಲಿಗೆ ಬಿಚ್ಚಿದ ಡಾಕ್ಟರಿಗೆ, ಶಾಲೆಯ ಮಿಸ್ಸಿಗೆ, ನೋಡಲು ಬಂದ ನೆಂಟರಿಗೆ, ಯಾರು ಕೇಳಿದರೂ ಹುಡುಗಿ ಇದನ್ನು ಹೀಗೆಯೇ ಹೇಳುತ್ತಿದ್ದಳು. ಹೇಳಿಕೊಟ್ಟವರು ಯಾರೂ ಇಲ್ಲ. ಆಶಾರಾಣಿ ಒಂದು ದಿನವೂ ಹೀಗೆ ಹೇಳು ಎಂದಿರಲಿಲ್ಲ. ಹೀಗೆ ಹೇಳಬೇಡ ಎಂದೂ ಹೇಳಿರಲಿಲ್ಲ. ಅದು ಆದದ್ದು ವರಮಹಾಲಕ್ಷ್ಮಿಯ ಹಬ್ಬದ ಸಂಜೆ. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ನಡುಮನೆಯ ತುಂಬ ಕೂತಿದ್ದರು. ಅವರಲ್ಲೊಬ್ಬರು, “ಪುಟ್ಟಾ, ನಿಮ್ಮಮ್ಮನ್ನ ಕರಿ” ಎಂದಾಗ ಲಿಖಿತಾ ಸಿಹಿ ತಿನ್ನುತ್ತಾ ಸಹಜವಾಗಿ, “ನಮ್ಮಮ್ಮ ಸತ್ತೋಗಿದ್ದಾಳೆ. ಅವರು ನಮ್ಮಪ್ಪನ್ನ ಮದುವೆ ಆಗಿರೋರು” ಎಂದಳು. ಯಾರೋ ನಗು ತಡೆದರು. ಯಾರೋ ಅಯ್ಯೋ ಎಂದರು. ತಾಂಬೂಲದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಶಾರಾಣಿ ಎಲ್ಲರ ಮುಖವನ್ನೂ ನೋಡಿದಳು. ವಯಸ್ಸು ಮೀರುತ್ತಿದೆಯೆಂದು ತವರು ಯಲ್ದೂರಿನಿಂದ ಎರಡನೇ ಸಂಬಂಧಕ್ಕೆ ತಾನು ಬಂದವಳೆಂದು ಗೊತ್ತಿರುವ ಮುಖಗಳು. ತಟ್ಟೆ ಕೆಳಗಿಟ್ಟು ರೂಮಿಗೆ ಹೋದಳು. ಹಿಂದೆಯೇ ಲಿಖಿತಾ ಬಂದು ಹೊಸ್ತಿಲ ಹೊರಗೆ ನಿಂತು, “ಚಿಕ್ಕಮ್ಮ, ಅವರೆಲ್ಲಾ ಹೊರಡ್ತಾರಂತೆ” ಎಂದಳು. ಬಾಗಿಲ ಚೌಕಟ್ಟಿನ ಮೇಲೆ ಬೆರಳುಗಳಿದ್ದವು, ಬೆಳಗ್ಗೆ ತಾನೇ ಇಟ್ಟ ಮೆಹಂದಿಯ ಕೆಂಪು ತುದಿಗಳು. ಆಶಾರಾಣಿ ಎರಡೂ ಕೈಯಿಂದ ಬಾಗಿಲು ತಳ್ಳಿದಳು. ಕಂಡ ಮೇಲೆ ತಳ್ಳಿದಳೋ, ತಳ್ಳಿದ ಮೇಲೆ ಕಂಡಳೋ. ಎಷ್ಟೋ ಸಲ ಆ ಕ್ಷಣವನ್ನು ಒಡೆದು ನೋಡಲು ಹೋಗಿದ್ದಳು. ನೋಡಿಲ್ಲ ಎಂದು ಹೇಳಿಕೊಂಡ ಪ್ರತಿ ಸಲವೂ, ಹಾಗಾದರೆ ಮೆಹಂದಿಯ ಬಣ್ಣ ನಿನಗೆ ಹೇಗೆ ನೆನಪಿದೆ ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು.

ನಿಖತ್ ಗಲ್ಲಾ ಬಿಟ್ಟು ಈಚೆಗೆ ಬಂದು ಹುಡುಗಿಯ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಕಣ್ಣೆತ್ತಿ ಆಶಾರಾಣಿಯನ್ನು ನೋಡಿದಳು. ಗೊತ್ತಾಯಿತು ಇವಳಿಗೆ, ಎಂದು ಆಶಾರಾಣಿಗೆ ಅನ್ನಿಸಿತು. ಭಯದ ಜೊತೆಗೆ ಎಂಥದೋ ಹಗುರವೂ ಆಯಿತು. ಹೇಳಿಬಿಡಲಿ, ಈ ಬೀದಿಯಲ್ಲಿ, ಗುರುತಿಲ್ಲದವರ ಬಾಯಿಂದಲೇ ಬಂದುಬಿಡಲಿ. ನಿಖತ್ ಹೇಳಿದ್ದು ಬೇರೆ. “ನನ್ ಮಗಂದೂ ಹಿಂಗೇ ಆಗ್ತಿತ್ತು ಅಕ್ಕ, ಬೀರು ಬಾಗಿಲಿಗೆ. ಸ್ವಲ್ಪದ್ರಲ್ಲಿ ತಪ್ತು. ಅವತ್ತು ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ. ನಿಮ್ಗೆ ಹೆಂಗಾಗಿರ್ಬೇಕು.” ಅವಳ ಕಣ್ಣಲ್ಲಿ ನಿಜವಾಗಿ ನೀರಿತ್ತು. ಆಶಾರಾಣಿ “ಹೂಂ” ಎಂದಳು. ಬೈದಿದ್ದರೆ ನಿಂತು ಬೈಸಿಕೊಳ್ಳಬಹುದಿತ್ತು. ಈ ಕನಿಕರವನ್ನು ಎಲ್ಲಿಡುವುದೆಂದು ತಿಳಿಯದೆ ಪರ್ಸಿನ ಜಿಪ್ಪು ತೆರೆದು ಮುಚ್ಚಿದಳು.

ಜಾನ್ ಪಾಷಾ ಬೇರೆ ಬೇರೆ ಕೊಳಲು ಕೊಟ್ಟು ನೋಡಿದರು. ಗಿಡ್ಡ ಕೊಳಲಿನಲ್ಲಿ ತೂತುಗಳು ಸಣ್ಣವು, ಹತ್ತಿರ ಹತ್ತಿರ. ಅದರಲ್ಲಿ ಒಂದು ಸಲ ದನಿ ಮುರಿಯದೆ ಬಂದೇಬಿಟ್ಟಿತು ಎನ್ನುವಾಗ ಮತ್ತೆ ಗಾಳಿ ಸೋರಿತು. ಅದೂ ಅಲ್ಲದೆ ಅದರ ಶ್ರುತಿ ಕೀಚಲು, ಬೇರೆ ಮಕ್ಕಳ ಜೊತೆ ಸೇರುವುದಿಲ್ಲ. ಪ್ಲಾಸ್ಟಿಕ್ಕಿನದೊಂದನ್ನು ಕೊಟ್ಟರು. ಅದೂ ಅಷ್ಟೇ. ಕೊನೆಗೆ ಎಲ್ಲವನ್ನೂ ಬಕೆಟ್ಟಿಗೆ ಹಾಕುತ್ತಾ, “ಸುಳ್ಳು ಹೇಳಿ ಮಾರಬಾರ್ದು ಮೇಡಂ. ಈ ಬೆರಳಿಗೆ ಕೊಳಲು ಕಷ್ಟ. ಕೀಬೋರ್ಡು ತಗೊಳ್ಳಿ, ಇಲ್ಲಾಂದ್ರೆ ತಬಲ ಕಲೀಲಿ. ಇದನ್ನ ತಗೊಂಡೋಗಿ ಮೂಲೇಗಿಡ್ತೀರ” ಎಂದರು.

“ನಿಂಗ್ಯಾವ್ದು ಬೇಕು?” ಎಂದು ಆಶಾರಾಣಿ ಹುಡುಗಿಯನ್ನು ಕೇಳಿದಳು.

“ನೀವು ಹೇಳಿದ್ದು.”

“ನಾನು ಕೇಳಿದ್ದು ನಿಂಗ್ಯಾವ್ದು ಬೇಕು ಅಂತ.”

“ಯಾವ್ದಾದ್ರೂ ಪರವಾಗಿಲ್ಲ ಅಮ್ಮ.”

ಹಿಂದೆ ಇದೇ ಹುಡುಗಿ ಉಪ್ಪಿಟ್ಟು ಬೇಡವೆಂದು ತಟ್ಟೆ ನೂಕುತ್ತಿತ್ತು, ಬೇರೆಯವರು ಜಡೆ ಹಾಕಿದರೆ ಬಿಚ್ಚಿಕೊಂಡು ಓಡುತ್ತಿತ್ತು, ಟೇಕಲ್ಲಿನ ಸೋದರತ್ತೆಯ ಮನೆಗೆ ಹೋಗುವುದಿಲ್ಲವೆಂದು ಬೀದಿಯಲ್ಲಿ ಹೊರಳಾಡಿ ಅತ್ತಿತ್ತು. ಈಗ ಇಟ್ಟದ್ದನ್ನು ತಿನ್ನುತ್ತಿತ್ತು, ಕರೆದಲ್ಲಿಗೆ ಬರುತ್ತಿತ್ತು. ಇದೇ ತಾನೇ ತನಗೆ ಬೇಕಾಗಿದ್ದದ್ದು? ಆಶಾರಾಣಿಗೆ ಕತ್ತಿನ ಹಿಂಭಾಗದಿಂದ ತೋಳಿನವರೆಗೆ ಬಿಸಿಯೊಂದು ಇಳಿದು ಬಂತು. ಆ ಬಿಸಿಯ ಗುರುತು ಅವಳಿಗಿತ್ತು. ಹಬ್ಬದ ದಿನ ತಟ್ಟೆ ಕೆಳಗಿಟ್ಟಾಗ ಬಂದದ್ದು ಇದೇ. ಹುಡುಗಿಯ ಭುಜದ ಮೇಲೆ ತನ್ನ ಕೈ ಇದೆ ಎಂಬುದು ಆಮೇಲೆ ತಿಳಿಯಿತು. ಬೆರಳುಗಳು ಭುಜವನ್ನು ಒತ್ತಿ ಹಿಡಿದಿದ್ದವು. ಲಿಖಿತಾ ಅಲುಗಾಡದೆ ನಿಂತಿದ್ದಳು. ಮುಖದಲ್ಲಿ ನೋವಿರಲಿಲ್ಲ, ಕಾಯುವಿಕೆ ಇತ್ತು. ಆಶಾರಾಣಿ ಕೈ ತೆಗೆದಳು. ಇಷ್ಟು ದಿನ ಸರಿಯಾಗಿ ನಿದ್ದೆ ಮಾಡದೆ, ಊಟ ಸೇರದೆ, ಹುಡುಗಿಗೆ ತುತ್ತು ಮಾಡಿ ತಿನ್ನಿಸಿ ತಾನು ಬದಲಾಗಿದ್ದೇನೆಂದು ತಿಳಿದಿದ್ದಳಲ್ಲ, ಯಾವುದು ಬದಲಾಗಿತ್ತು? “ಐದು ಮನೇದೇ ಕೊಡಿ” ಎಂದಳು. ದನಿ ಬೇಕಾದ್ದಕ್ಕಿಂತ ಎತ್ತರಕ್ಕೆ ಹೋಗಿತ್ತು. “ಕಲೀತಾಳೆ. ಕಲಿಯೋಕ್ಕಾಗಲ್ಲ ಅಂತ ನೀವು ಮಗು ಮುಂದೆ ಹೇಳ್ಬಾರ್ದು.” ಜಾನ್ ಪಾಷಾ ಕೊಳಲನ್ನು ಹಳೆಯ ಉರ್ದು ಪೇಪರಿನಲ್ಲಿ ಸುತ್ತಿದರು. ದುಡ್ಡು ತೆಗೆದುಕೊಳ್ಳುವಾಗ ನಿಖತ್ ಅವಳ ಮುಖ ನೋಡಲಿಲ್ಲ.

ಬಸ್ ಸ್ಟಾಂಡಿನಲ್ಲಿ ಮಾಲೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಮುಳಬಾಗಿಲಿನ ಬಸ್ಸೊಂದು ತುಂಬಿ ಹೊರಟಿತು, ಕಂಡಕ್ಟರ್ ಬಾಗಿಲು ಎಳೆದುಕೊಂಡ ಸದ್ದಿಗೆ ಹುಡುಗಿಯ ಭುಜಗಳು ಒಮ್ಮೆ ಒಳಕ್ಕೆ ಸರಿದವು. ಆಶಾರಾಣಿ ಎಳನೀರು ಕೊಡಿಸಿದಳು. ಹುಡುಗಿ ಅರ್ಧ ಕುಡಿದು ಉಳಿದದ್ದನ್ನು ಅವಳ ಮುಂದೆ ಹಿಡಿದಳು. ಕೇಳಬಾರದೆಂದು ವಾರವೆಲ್ಲ ತಡೆದುಕೊಂಡಿದ್ದ ಮಾತು ಆಗ ಬಾಯಿಗೆ ಬಂತು. “ಲಿಖಿತಾ, ಹಾಡು ಬಿಟ್ಟು ಕೊಳಲೇ ಯಾಕೆ ಕೇಳ್ದೆ ನೀನು? ನಿಜ ಹೇಳು, ನಾನು ಬೈಯಲ್ಲ.”

ಹುಡುಗಿ ಎಳನೀರಿನ ಬುರುಡೆಯ ಒಳಗೆ ನೋಡುತ್ತಾ ಕೂತಳು. “ಅಜ್ಜಿ ಹೇಳಿದ್ರು, ಬೆರಳು ಆಡಿಸ್ತಾ ಇದ್ರೆ ಬೆಳೆಯುತ್ತೆ ಅಂತ. ಕೊಳಲಲ್ಲಿ ಜಾಸ್ತಿ ಆಡಿಸ್ಬೇಕಲ್ವಾ.”

“ಅಜ್ಜಿ ಸುಮ್ನೆ ಸಮಾಧಾನಕ್ಕೆ ಹೇಳಿದ್ದು.”

“ಪೂರ್ತಿ ಬೆಳೆಯೋದು ಬೇಡ. ಬೇರೆಯೋರಿಗೆ ಗೊತ್ತಾಗದಷ್ಟು ಬೆಳೆದ್ರೆ ಸಾಕು.” ಬುರುಡೆಯನ್ನು ಬೆಂಚಿನ ಮೇಲಿಟ್ಟಳು. “ಆಗ ಯಾರೂ ಏನಾಯ್ತು ಅಂತ ಕೇಳಲ್ಲ. ನಾನೂ ಹೇಳೋದು ಬೇಕಾಗಲ್ಲ.”

ಸ್ಟಾಂಡಿನ ಮೈಕಿನಲ್ಲಿ ಶ್ರೀನಿವಾಸಪುರದ ಬಸ್ಸಿನ ಹೆಸರು ಕೂಗಿದರು. ಮೂಟೆ ಹೊತ್ತವರೊಬ್ಬರು ಇಬ್ಬರ ಕಾಲಿಗೂ ತಾಗಿಸಿಕೊಂಡು ಓಡಿದರು. ವೇದಿಕೆ, ದೀಪ, ಊರಿಗೆಲ್ಲ ಬೆರಳು ತೋರಿಸುವ ಹುಡುಗಿ, ವಾರವೆಲ್ಲ ತಾನು ಕಟ್ಟಿಕೊಂಡಿದ್ದ ಚಿತ್ರ ಎದೆಯೊಳಗೆ ಕುಸಿಯುತ್ತಿದ್ದುದು ಆಶಾರಾಣಿಗೆ ತಿಳಿಯಿತು. ಅದರ ಅಡಿಯಲ್ಲಿ ಬೇರೇನೂ ಇರಲಿಲ್ಲ, ಸುಳ್ಳು ಹೇಳಿ ಹೇಳಿ ಸುಸ್ತಾದ ಒಂದು ಮಗು ಇತ್ತು. ಈಗ ಹೇಳದಿದ್ದರೆ ಮುಂದೆ ಎಂದೂ ಹೇಳಲಾರೆ ಅನ್ನಿಸಿತು. “ಅವತ್ತು...” ಎಂದಳು. “ಅವತ್ತು ಬಾಗಿಲು ಹಾಕುವಾಗ ನಿನ್ನ ಕೈ ನಂಗೆ ಕಾಣಿಸ್ತು ಕಣೇ. ನಾನು ನೋಡಿದ್ದೆ.”

ಲಿಖಿತಾ ಅವಳ ಕಡೆ ತಿರುಗಿದಳು. ಆಶ್ಚರ್ಯಪಡುತ್ತಾಳೆ, ಅಳುತ್ತಾಳೆ, ಎದ್ದು ದೂರ ಕೂರುತ್ತಾಳೆ, ಏನು ಮಾಡಿದರೂ ಸರಿಯೆಂದು ಆಶಾರಾಣಿ ಕಾದಳು. ಹುಡುಗಿ ಗಾಬರಿಯಿಂದ ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದಳು. ಆಮೇಲೆ ಅವಳ ಸೆರಗಿನ ತುದಿ ಹಿಡಿದುಕೊಂಡು ಪಿಸುದನಿಯಲ್ಲಿ, “ಇಲ್ಲ ಅಮ್ಮ, ನೀವು ನೋಡಿಲ್ಲ. ನಾನು ಯಾರಿಗೂ ಹೇಳಲ್ಲ” ಎಂದಳು.

ಮಾಲೂರಿನ ಬಸ್ಸು ಬಂತು. ಹತ್ತಿದರು, ಸೀಟು ಸಿಕ್ಕಿತು, ಟಿಕೆಟ್ಟು ಕೊಂಡರು. ಪೇಪರು ಸುತ್ತಿದ ಕೊಳಲು ಇಬ್ಬರ ನಡುವೆ ಇತ್ತು. ಮಾತು ಮುಂದುವರಿಸಲು ಆಶಾರಾಣಿ ಒಂದೆರಡು ಸಲ ಬಾಯಿ ತೆರೆದಳು. ನಾನು ಹೇಳಿದ್ದು ಅದಲ್ಲ, ನೀನು ಹೇಳಬೇಕು, ಅಪ್ಪನಿಗೆ ಹೇಳು, ನಾನೇ ಹೇಳುತ್ತೇನೆ. ಪ್ರತಿ ಸಲವೂ ಅಂಜಮ್ಮನ ಮುಖ, ಕದಿರೇಶ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡದ್ದು, ಹಬ್ಬಕ್ಕೆ ಬಂದಿದ್ದ ಹೆಂಗಸರ ಸಾಲು ಅಡ್ಡ ಬಂತು. ಇನ್ನೆಲ್ಲಿಗೆ ಹೋಗುವುದು? ಯಲ್ದೂರಿಗೆ ತಿರುಗಿ ಹೋದರೆ ತಾಯಿ ಮುನಿಲಕ್ಷ್ಮಿ ಬಾಗಿಲು ತೆಗೆದು ಏನಾಯಿತೆಂದು ಕೇಳುತ್ತಾಳೆ, ಅಲ್ಲೂ ಇದನ್ನೇ ಹೇಳಬೇಕು. ನರಸಾಪುರ ಬರುವ ಹೊತ್ತಿಗೆ ತೆರೆದ ಬಾಯಿ ಮುಚ್ಚಿತ್ತು. ಹೇಳಿಯಾಗಿದೆಯಲ್ಲ, ಹೇಳಬೇಕಾದವಳಿಗೆ ಹೇಳಿಯಾಗಿದೆ, ಎಂದು ಒಂದು ಯೋಚನೆ ಬಂತು. ಆ ಯೋಚನೆ ತನಗೆ ಹಾಯೆನ್ನಿಸಿದ್ದನ್ನು ಕಂಡು ಅವಳಿಗೆ ಹೇಸಿಗೆಯಾಯಿತು. ಆದರೂ ಅದನ್ನು ಬಿಡಲಿಲ್ಲ.

ಮಾಲೂರಿನಲ್ಲಿ ಇಳಿದು ಮನೆಯ ಬೀದಿಗೆ ತಿರುಗುವಾಗ ದೂರದಲ್ಲಿ ಕದಿರೇಶ ಗೇಟಿನ ಹತ್ತಿರ ನಿಂತಿರುವುದು ಕಾಣಿಸಿತು. ಶಿಫ್ಟು ಮುಗಿಸಿ ಬಂದಿದ್ದ. ಇವರನ್ನು ನೋಡಿ ಕೈ ಎತ್ತಿದ. ಲಿಖಿತಾ ನಡಿಗೆ ನಿಧಾನ ಮಾಡಿದಳು.

“ಅಮ್ಮ, ಅಪ್ಪ ಊದು ಅಂತಾರೆ. ಸರಿಯಾಗಿ ಬರದೆ ಇದ್ರೆ ಏನಂತ ಹೇಳ್ಲಿ?”

ಆಶಾರಾಣಿ ನಿಂತಳು. ಇಷ್ಟು ದಿನ ಅವಳು ಹುಡುಗಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅದೊಂದು ಸಮಾಧಾನ ಅವಳ ಪಾಲಿಗೆ ಉಳಿದಿತ್ತು.

“ಬಿದಿರು ಹೊಸದು, ಸ್ವಲ್ಪ ದಿನ ಹಿಂಗೇ ಗಾಳಿ ಹೋಗುತ್ತೆ ಅಂತ ಅಂಗಡಿಯೋರು ಅಂದ್ರು, ಅಂತ ಹೇಳು.”

ಹುಡುಗಿ ತಲೆಯಾಡಿಸಿ, ಪಕ್ಕದಲ್ಲಿ ನಡೆಯುತ್ತಾ, ಮಗ್ಗಿ ಬಾಯಿಪಾಠ ಮಾಡುವಂತೆ ತುಟಿ ಆಡಿಸತೊಡಗಿದಳು. “ಬಿದಿರು ಹೊಸದು, ಸ್ವಲ್ಪ ದಿನ ಗಾಳಿ ಹೋಗುತ್ತೆ ಅಂತ ಅಮ್ಮ ಅಂದ್ರು...”

“ಅಮ್ಮ ಅಲ್ಲ” ಎಂದಳು ಆಶಾರಾಣಿ, ಗೇಟಿನ ಕಡೆ ನೋಡಿ ನಗುತ್ತಾ. “ಅಂಗಡಿಯೋರು.”